ಗುಳೇದಗುಡ್ಡದ ಖಣ, ಕೂಸಿನ ಕುಂಚಿಗೆ

ಬಾದಾಮಿಗೆ ಹೋದವರು ಗುಹೆಗಳನ್ನು ನೋಡಿ ವಾಪಸ್ ಬರ್ತಾರೆ. ನಾನು ಮೊಮ್ಮಗಳ ಕುಂಚಿಗೆಗೆ ಬಟ್ಟೆ ಬೇಕೂಂತ ಅಲ್ಲಿಂದ ಗುಳೇದಗುಡ್ಡದ ಬಸ್ ಹತ್ತಿದೆ. ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದು. ಇಲ್ಲಿನ ಖಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. "ಕುಪ್ಪಸ ಹೊಲಿಸೋರು ಕಡಿಮಿ ಆಗ್ಯಾರ್ರಿ ಅಕ್ಕಾರ, ಮಗ್ಗಾನೂ ಕಡಿಮಿ ಆದುವು" ಅಂದರು ನೇಕಾರರೊಬ್ಬರು.

ಕುಂಚಿಗೆ ಅಂದರೆ ತಲೆ ಮುಚ್ಚಿ ಬೆನ್ನಿಗೆ ಇಳಿಯುವ ಟೊಪ್ಪಿಗೆ. ಹೊಲಿಯೋದು ಸುಲಭ. ಆರು ತಿಂಗಳ ಕೂಸಿಗೆ 16 ಇಂಚು ಅಗಲ, 18 ಇಂಚು ಉದ್ದದ ಖಣ ಸಾಕು. ಅಷ್ಟೇ ಅಳತೆಯ ಹಳೇ ಹತ್ತಿ ಸೀರೆಯ ಅಸ್ತರು ಕೊಡಿ. ಖಣದ ಒಳಗಿನ ಎಳೆ ಕೂಸಿನ ಕೆನ್ನೆಗೆ ಒತ್ತಬಾರದು. ಸುತ್ತಲೂ ಅಂಚು ಮಡಚಿ ಹೊಲಿಯಿರಿ. ಆಮೇಲೆ ಅಗಲವನ್ನು ಅರ್ಧಕ್ಕೆ ಮಡಚಿ, ಮೇಲಿನ ಅಂಚನ್ನು ಮಾತ್ರ ಕೂಡಿಸಿ. ಮಡಿಕೆ ಬೆನ್ನ ಕಡೆ, ತೆರೆದ ಬದಿ ಮುಖದ ಕಡೆ ಬರುತ್ತೆ. ಗದ್ದದ ಹತ್ತಿರ ಎರಡು ಗಿಡ್ಡ ಲಾಡಿ ಹಚ್ಚಿ. ಕೂಸನ್ನು ಮಲಗಿಸುವಾಗ ಮರೀದೆ ಬಿಚ್ಚಿಡಿ.

ನಾವು ಖಣದ ಕುಪ್ಪಸ ತೊಡದಿದ್ದರೂ, ಮನೆಗೆ ಕೂಸು ಬಂದಾಗ ಒಂದು ಖಣ ಕೊಳ್ಳೋಣ. ಕೂಸಿನ ತಲೆ ಬೆಚ್ಚಗಿರುತ್ತೆ, ಮಗ್ಗಕ್ಕೂ ಕೆಲಸ ಸಿಗುತ್ತೆ.