ಚಿಂಬೊರಾಸೊಗೆ ಹೊರಡುವ ಮುನ್ನ

ಜಗತ್ತಿನ ಅತಿ ಎತ್ತರದ ಪರ್ವತ ಯಾವುದೆಂದು ಕೇಳಿದರೆ ಮೂರನೇ ತರಗತಿಯ ಮಗುವೂ ಎವರೆಸ್ಟ್ ಎನ್ನುತ್ತದೆ. ಸಮುದ್ರಮಟ್ಟದಿಂದ ಅಳೆದರೆ ಅದು ಸರಿ. ಭೂಮಿಯ ಕೇಂದ್ರದಿಂದ ಅಳೆದರೆ ಮಾತ್ರ ಗೆಲ್ಲುವುದು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಚಿಂಬೊರಾಸೊ! ನಮ್ಮ ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕ ವೃತ್ತದ ಬಳಿ ಹೊಟ್ಟೆ ಉಬ್ಬಿದೆ. ಆ ಉಬ್ಬಿನ ಮೇಲೆಯೇ ಆಂಡಿಸ್ ಸಾಲಿನ ಈ ಹಿಮ ಹೊದ್ದ ಜ್ವಾಲಾಮುಖಿ ನಿಂತಿದೆ. ಎತ್ತರ 6,263 ಮೀಟರ್. ಎವರೆಸ್ಟ್‌ಗಿಂತ ಎರಡೂವರೆ ಸಾವಿರ ಮೀಟರ್ ಗಿಡ್ಡ. ಆದರೂ ಭೂಕೇಂದ್ರದಿಂದ ಅದರ ತುದಿ ಎವರೆಸ್ಟ್ ತುದಿಗಿಂತ ಸುಮಾರು 2 ಕಿಲೋಮೀಟರ್ ಹೆಚ್ಚು ದೂರದಲ್ಲಿದೆ.

ಏಳನೇ ತರಗತಿಯ ನನ್ನ ಮೊಮ್ಮಗಳು ಇದನ್ನು ಓದಿದಂದಿನಿಂದ "ಅಜ್ಜೀ, ಅಲ್ಲಿಗೇ ಹೋಗೋಣ" ಎಂದು ಹಟ ಹಿಡಿದಳು. ಅವಳ ಅಪ್ಪ, ಅಮ್ಮ ಒಪ್ಪಿದರು. ನನಗೋ ಅರವತ್ತಾರು ವರ್ಷ, ದಿನವೂ ಬಿ.ಪಿ. ಮಾತ್ರೆ. ನಾನು ಹತ್ತಿದ ದೊಡ್ಡ ಬೆಟ್ಟವೆಂದರೆ ಮುಳ್ಳಯ್ಯನಗಿರಿ. ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ, 1,930 ಮೀಟರ್. ಚಿಂಬೊರಾಸೊ ಬಳಿಯ ರಿಯೊಬಾಂಬಾ ಊರೇ ಸುಮಾರು 2,750 ಮೀಟರ್ ಮೇಲಿದೆ!

ಹಾಗಾಗಿ ಸ್ವೆಟರು, ಕುಲಾವಿಗಳ ಪಟ್ಟಿಗಿಂತ ಮೊದಲು ನಾವು ರಾತ್ರಿಗಳ ಪಟ್ಟಿ ಮಾಡಿದೆವು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. 5,000 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ದೇಹ ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ಅವಸರಪಟ್ಟರೆ ತಲೆನೋವು, ವಾಕರಿಕೆ, ನಿದ್ದೆಗೇಡು. ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಗಟ್ಟಿಮುಟ್ಟಾದ ಯುವಕರನ್ನೂ ಅದು ಬಿಡುವುದಿಲ್ಲ.

ನಮ್ಮ ಡಾಕ್ಟರರನ್ನು ಕೇಳಿ ಹೀಗೆ ಬರೆದುಕೊಂಡೆವು: ರಾಜಧಾನಿ ಕ್ವಿಟೊದಲ್ಲಿ (ಅದೂ ಸುಮಾರು 2,850 ಮೀಟರ್) ಮೂರು ರಾತ್ರಿ. ರಿಯೊಬಾಂಬಾದಲ್ಲಿ ಮೂರು ರಾತ್ರಿ. ಆಮೇಲೆ ಒಂದು ಬೆಳಗ್ಗೆ ಗಾಡಿಯಲ್ಲಿ ಸುಮಾರು 4,850 ಮೀಟರ್ ಎತ್ತರದ ಕಾರೆಲ್ ತಂಗುದಾಣಕ್ಕೆ. ಮೈ ಒಪ್ಪಿದರೆ ಅಲ್ಲಿಂದ ನಡೆದು 5,000 ಮೀಟರಿನ ವಿಂಪರ್ ತಂಗುದಾಣಕ್ಕೆ. ಮಲಗುವುದಕ್ಕೆ ಮತ್ತೆ ಕೆಳಗಿನ ಊರಿಗೇ. ತುದಿ ಹಗ್ಗ, ಹಿಮಗೊಡಲಿ ಹಿಡಿದವರಿಗೆ, ನಮಗಲ್ಲ.

"ಇಷ್ಟು ದೂರ ಹೋಗಿ ತುದಿ ಮುಟ್ಟದೇ ಬರೋದಾ?" ಎಂದು ಮೊಮ್ಮಗಳು ಮುಖ ಸಣ್ಣ ಮಾಡಿದಳು. ಆಗ ಹಂಬೋಲ್ಟ್ ಕಥೆ ಹೇಳಿದೆ. ಜರ್ಮನಿಯ ಈ ವಿಜ್ಞಾನಿ 1802ರಲ್ಲಿ ಗೆಳೆಯರೊಂದಿಗೆ ಚಿಂಬೊರಾಸೊ ಹತ್ತಿದ. ಜಗತ್ತಿನ ಅತಿ ಎತ್ತರದ ಪರ್ವತ ಅದೇ ಎಂದು ಆಗ ನಂಬಿದ್ದರು. ತಲೆ ಸುತ್ತಿತು, ಒಸಡಿನಿಂದ ರಕ್ತ ಬಂತು. ಕೊನೆಗೆ ದೊಡ್ಡ ಕಂದಕವೊಂದು ದಾರಿಗೆ ಅಡ್ಡವಾಯಿತು. ಹಿಂದಿರುಗಿದ. ಆಮೇಲೆ ಯಾವ ಎತ್ತರದಲ್ಲಿ ಯಾವ ಗಿಡ ಬೆಳೆಯುತ್ತದೆಂದು ಆ ಪರ್ವತದ ಚಿತ್ರದಲ್ಲೇ ತೋರಿಸಿ ಪ್ರಕಟಿಸಿದ. ತುದಿ ಮುಟ್ಟಿದವರು ಇಂಗ್ಲೆಂಡಿನ ವಿಂಪರ್ ಮತ್ತು ಇಟಲಿಯ ಇಬ್ಬರು ಕಾರೆಲ್‌ಗಳು, 1880ರಲ್ಲಿ. ಆ ತಂಗುದಾಣಗಳಿಗೆ ಇವರದೇ ಹೆಸರು. ಹಾಗೆಂದು ಹಂಬೋಲ್ಟ್ ಸೋತನೆಂದು ಯಾರೂ ಹೇಳುವುದಿಲ್ಲ.

ಪಟ್ಟಿಯ ಕೊನೆಯ ಪುಟದಲ್ಲಿ ಒಂದು ಕಟ್ಟುಪಾಡು ಇದೆ: ಬೆಳಗ್ಗೆ, ಸಂಜೆ ಪ್ರತಿಯೊಬ್ಬರೂ ತಮ್ಮ ಮೈ ಹೇಗಿದೆಯೆಂದು ನಿಜ ಹೇಳಬೇಕು. ಮಕ್ಕಳು ನೋಡುವ ಆಸೆಗೆ ತಲೆನೋವು ಮುಚ್ಚಿಡುತ್ತಾರೆ. ಮುಚ್ಚಿಡುವುದರಲ್ಲಿ ನಮ್ಮಂಥ ಮುದುಕರು ಅವರಿಗಿಂತ ಜಾಣರು. 'ನನ್ನಿಂದ ಇವರಿಗೇಕೆ ತೊಂದರೆ' ಎಂದು ಮಂಡಿನೋವು, ಎದೆ ಉರಿ ಎಲ್ಲವನ್ನೂ ನುಂಗಿಕೊಂಡೇ ಬಂದವರು. ಆ ಬೆಟ್ಟದಲ್ಲಿ ಅಂಥ ಒಳ್ಳೆಯತನವೇ ಅಪಾಯ. ತೊಂದರೆ ಕಂಡವರು ಮುಂದೆ ಹತ್ತಬಾರದು. ಹೆಚ್ಚಾದರೆ ತಡಮಾಡದೆ ಇಳಿಯಬೇಕು. ಒಬ್ಬರನ್ನೇ ಇಳಿಸಬಾರದು.

ಅದರ ಕೆಳಗೆ ಮೊಮ್ಮಗಳು ತನ್ನ ಗುಂಡು ಅಕ್ಷರದಲ್ಲಿ, "ಅಜ್ಜಿ ಇಳಿದರೆ ನಾನೂ ಇಳೀತೀನಿ" ಎಂದು ಬರೆದಿದ್ದಳು. ಕಣ್ಣು ಮಂಜಾಯಿತು. ಆದರೂ ಪೆನ್ನು ತೆಗೆದುಕೊಂಡು ಉತ್ತರ ಬರೆದೆ: "ಬೇಡ ಪುಟ್ಟಿ. ನನ್ನ ಜೊತೆ ನಿಮ್ಮಮ್ಮ ಇಳೀತಾಳೆ. ನಿನ್ನ ಮೈ ಚೆನ್ನಾಗಿದ್ದರೆ ನೀನು ಅಪ್ಪನ ಜೊತೆ ಹೋಗು. ಆ ಬಯಲಲ್ಲಿ ಒಂಟೆಯ ದಾಯಾದಿ ವಿಕುನ್ಯಾ ಮೇಯುತ್ತವಂತೆ. ಎಷ್ಟು ಕಂಡವೆಂದು ಎಣಿಸಿಕೊಂಡು ಬಾ."