ಕೊಳದಪ್ಪಲೆ ಕೇಳಿಕೊಂಡು ಬರುವವರು

ಅಟ್ಟ ಹತ್ತಿದ ಸಾಮಾನು ಮತ್ತೆ ಕೆಳಗಿಳಿದ ಉದಾಹರಣೆ ನಮ್ಮ ವಂಶದಲ್ಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಹೇಳಿಕೊಳ್ಳುವಂಥ ಹಾಲ್ ಇರಲಿಲ್ಲ. ಅಡುಗೆಮನೆಯಿಂದ ಬಚ್ಚಲಿನವರೆಗೆ ಅಟ್ಟ ಮಾತ್ರ ಧಾರಾಳವಾಗಿತ್ತು. ಮುಚ್ಚಳ ಕಳೆದುಹೋದ ಡಬ್ಬಿಗಳೂ ಡಬ್ಬಿ ಕಳೆದುಹೋದ ಮುಚ್ಚಳಗಳೂ ಅಲ್ಲಿ ಬೇರೆಬೇರೆ ಮೂಲೆಗಳಲ್ಲಿ ಸುಖವಾಗಿದ್ದವು. ಈಗ ಆ ಮನೆ ಮಾರಿ, ಬೆಂಗಳೂರಿನಲ್ಲಿ ಮಗನ ಮನೆಗೆ ಹತ್ತಿರ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಹೋಗುವುದೆಂದು ತೀರ್ಮಾನವಾಯಿತು. ಫ್ಲ್ಯಾಟಿನಲ್ಲಿ ಜಿಮ್ ಇದೆ, ಈಜುಕೊಳ ಇದೆ. ಅಟ್ಟ ಇಲ್ಲ.

ಸೊಸೆ ಒಂದು ಉಪಾಯ ಹೇಳಿದಳು. ಜಪಾನಿನ ಮರಿಯೆ ಕೊಂಡೊ ಎಂಬಾಕೆ ಮನೆ ಓರಣ ಮಾಡುವ ಬಗ್ಗೆ ಒಂದು ಪುಸ್ತಕ ಬರೆದು ಲೋಕಪ್ರಸಿದ್ಧಳಾದಳಲ್ಲ, ಆಕೆಯ ಉಪಾಯ. ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದು ‘ಇದು ನನಗೆ ಖುಷಿ ಕೊಡುತ್ತದೆಯೇ’ ಎಂದು ಕೇಳಿಕೊಳ್ಳಬೇಕು. ಕೊಡದಿದ್ದರೆ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಕಳಿಸಿಬಿಡಬೇಕು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು. ನೆನಪಿನ ವಸ್ತುಗಳು ಕೊನೆಗೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. “ಒರಳುಕಲ್ಲು ಯಾವತ್ತೇ ಖುಷಿ ಕೊಟ್ಟಿತ್ತು ನಂಗೆ? ರಟ್ಟೆನೋವು ಕೊಟ್ಟಿದೆ. ಕೈಯಲ್ಲಿ ಹಿಡಿದು ಕೇಳ್ಬೇಕು ಅಂತೀಯಲ್ಲ, ಮೊದ್ಲು ಎತ್ತು ನೋಡೋಣ.”

ಥ್ಯಾಂಕ್ಸ್ ಹೇಳುವ ವಿಷಯದಲ್ಲಂತೂ ನಾವು ಬಹಳ ಮುಂದೆ ಹೋಗಿಬಿಟ್ಟಿದ್ದೇವೆ. ಆಯುಧಪೂಜೆ ಬಂತೆಂದರೆ ಈಳಿಗೆಮಣೆ, ಒರಳು, ಹೊಲಿಗೆ ಮಿಷನ್ನು, ಅಪ್ಪನ ಸೈಕಲ್ಲು, ಎಲ್ಲಕ್ಕೂ ಅರಿಸಿನ ಕುಂಕುಮ, ಹೂವು, ಮಂಗಳಾರತಿ. ವರ್ಷವರ್ಷ ಅಡ್ಡಬಿದ್ದ ಮೇಲೆ ಅದೇ ಸೈಕಲ್ಲಿಗೆ ಗುಜರಿ ಅಂಗಡಿಯ ದಾರಿ ತೋರಿಸುವುದು ಹೇಗೆ?

ಪಾತ್ರೆಗಳದ್ದು ಇನ್ನೊಂದು ಕತೆ. ಹಿತ್ತಾಳೆಗೆ ಹುಣಿಸೆಹಣ್ಣು ಹಾಕಿ ಉಜ್ಜಬೇಕು, ಕಲಾಯಿಯವನನ್ನು ಕಾಯಬೇಕು ಎಂದು ಬೇಸತ್ತು ಅಮ್ಮ ಒಂದು ಕಾಲದಲ್ಲಿ ಹಿತ್ತಾಳೆ ಕೊಟ್ಟು ಸ್ಟೀಲು ತಂದಳು. ಜರಿ ಸೀರೆ ಹಾಕಿಯೂ ಸ್ಟೀಲೇ ತಂದಳು. ಈಗ ಸೊಸೆ ಷೋಕೇಸಿಗೆಂದು ದುಬಾರಿ ಬೆಲೆಗೆ ಹಿತ್ತಾಳೆ ಹುಡುಕುತ್ತಿದ್ದಾಳೆ. ಉಳಿದ ಸ್ಟೀಲಿನ ಮೇಲೆಲ್ಲ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು, ತಾರೀಖು. ಮದುವೆ, ಮುಂಜಿ, ಗೃಹಪ್ರವೇಶಗಳ ಶಾಸನಗಳು. ಒಂದು ಬಾಣಲೆ ಕೊಟ್ಟವರ ಜೊತೆ ನಾವು ಮಾತು ಬಿಟ್ಟು ಕಾಲವಾಯಿತು. ಬಾಣಲೆ ಮಾತ್ರ ಗಟ್ಟಿಮುಟ್ಟಾಗಿದೆ. “ಮಾತು ಬಿಟ್ಟರೆ ಬಾಣಲೆ ಏನು ಮಾಡೀತು?” ಎಂದು ಅಮ್ಮ ಅದನ್ನು ಪಕ್ಕಕ್ಕಿಟ್ಟಳು. ಪಕ್ಕಕ್ಕಿಟ್ಟ ರಾಶಿ ಅಟ್ಟಕ್ಕಿಂತ ಎತ್ತರವಾಯಿತು.

ಕೊನೆಗೆ ಇಳಿದದ್ದು ಮೂವರು ಸೇರಿ ಎತ್ತಬೇಕಾದ ಕೊಳದಪ್ಪಲೆ. “ರೀ, ನಾಲ್ಕು ಜನರ ಮನೆಗೆ ಇದ್ಯಾತಕ್ಕೆ?” ಎಂದಳು ನನ್ನ ಹೆಂಡತಿ. ಅಮ್ಮ ಮಾತಾಡದೆ ಒಂದು ಹಳೆಯ ನೋಟ್‌ಬುಕ್ ತಂದಿಟ್ಟಳು. ಯಾರ ಮನೆ ಸೀಮಂತಕ್ಕೆ ಕೊಳದಪ್ಪಲೆ ಹೋಯಿತು, ಯಾರ ಮನೆ ಮುಂಜಿಗೆ ಜಮಖಾನ ಹೋಯಿತು, ಯಾವುದು ಹಿಡಿ ಮುರಿದುಕೊಂಡು ಬಂತು, ಎಲ್ಲಕ್ಕೂ ಲೆಕ್ಕವಿತ್ತು. 1965ರಲ್ಲಿ ‘ಸುಧಾ’ ಶುರುವಾದ ಮೇಲೆ ಅದರ ಧಾರಾವಾಹಿಗಳನ್ನು ಹರಿದು, ರಟ್ಟು ಹಾಕಿಸಿ ಇಟ್ಟ ಪುಸ್ತಕಗಳೂ ಆ ಲೆಕ್ಕದಲ್ಲಿದ್ದವು. ಕೊನೇ ಕಂತಿನ ಹಾಳೆ ಮಾತ್ರ ಕಿತ್ತು ವಾಪಸ್ಸು ಕೊಟ್ಟವರ ಹೆಸರಿನ ಕೆಳಗೆ ಎರಡು ಗೆರೆ.

ಆಗ ಹೊಳೆಯಿತು. ಅಟ್ಟದಲ್ಲಿದ್ದ ಅರ್ಧ ಸಾಮಾನು ನಮಗಾಗಿ ಇಟ್ಟದ್ದೇ ಅಲ್ಲ, ಬೀದಿಗಾಗಿ ಇಟ್ಟದ್ದು. ಹತ್ತು ಮನೆಗೆ ಒಂದು ಕೊಳದಪ್ಪಲೆ, ಒಂದು ಶ್ಯಾವಿಗೆ ಒರಳು, ಒಂದು ಉದ್ದದ ಏಣಿ. ಯಾರ ಮನೆಯಲ್ಲಿ ಜಾಗವಿತ್ತೋ ಅಲ್ಲಿ ಅದರ ವಾಸ. ಮದುವೆಗೆ ಛತ್ರ ಬಂತು, ಪಾತ್ರೆ ಸಮೇತ ಕೇಟರಿಂಗಿನವರು ಬಂದರು, ಶ್ಯಾವಿಗೆ ಪ್ಯಾಕೆಟ್ಟಿನಲ್ಲಿ ಬಂತು. ಕೇಳಿಕೊಂಡು ಬರುವವರು ನಿಂತರು. ಸಾಮಾನು ಇದ್ದಷ್ಟೇ ಇತ್ತು. ಅದು ಕಸವಾಗಿ ಕಾಣತೊಡಗಿದ್ದು ಅಂದಿನಿಂದ. ಈ ಕಸಕ್ಕೆ ಕೊಂಡೊ ಬಳಿಯಲ್ಲೂ ಮದ್ದಿರಲಾರದು. ಮೂರನೇ ಮಗುವಾದ ಮೇಲೆ ತಾನೂ ಓರಣದ ಗೊಡವೆ ಹೆಚ್ಚುಕಡಿಮೆ ಬಿಟ್ಟಿರುವುದಾಗಿ ಆಕೆಯೇ 2023ರಲ್ಲಿ ಹೇಳಿದ್ದಾಳೆ. ಅಮ್ಮನಿಗೆ ಅವಳ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಒರಳುಕಲ್ಲು ಮನೆ ಕೊಂಡವರ ಹಿತ್ತಿಲಲ್ಲೇ ಉಳಿಯಿತು. ಸೈಕಲ್ಲನ್ನು ಹಾಲು ಹಾಕುವ ಹುಡುಗ ಒಯ್ದ. ಬೀರುವಿನಲ್ಲಿದ್ದ ರವಿಕೆ ಕಣಗಳನ್ನು ಅಮ್ಮ ಬೀಳ್ಕೊಡಲು ಬಂದವರಿಗೆಲ್ಲ ಕೊಟ್ಟಳು; ಅವರೂ ಕುಂಕುಮದ ಜೊತೆ ಒಂದೊಂದು ಕೊಟ್ಟಿದ್ದರಿಂದ ಆ ಲೆಕ್ಕದಲ್ಲಿ ಉಳಿತಾಯವಾಗಲಿಲ್ಲ. ಕೊಳದಪ್ಪಲೆಯನ್ನು ಯಾರೂ ಕೇಳಲಿಲ್ಲ. ಅದು ಲಾರಿ ಹತ್ತಿ ನಮ್ಮೊಂದಿಗೆ ಬಂದು, ಬಾಲ್ಕನಿಯ ಮುಕ್ಕಾಲು ಪಾಲು ಹಿಡಿದು ಕೂತಿತು.

ಹೊಸ ಜಾಗದಲ್ಲಿ ಅಮ್ಮ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೆಸರು ಕೇಳುವ ಮೊದಲೇ, “ನಮ್ಮಲ್ಲಿ ದೊಡ್ಡ ಕೊಳದಪ್ಪಲೆ ಇದೆ, ಬೇಕಾದ್ರೆ ಕೇಳಿ” ಎನ್ನುತ್ತಿದ್ದಳು. ಗಣೇಶನ ಹಬ್ಬದ ಪ್ರಸಾದಕ್ಕೆಂದು ಕೊನೆಗೂ ಮೇಲಿನ ಮಹಡಿಯವರು ಒಯ್ದರು. ದೀಪಾವಳಿ ಕಳೆದರೂ ವಾಪಸ್ಸು ಬರಲಿಲ್ಲ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಅವರ ಹೆಸರು, ಫ್ಲ್ಯಾಟ್ ನಂಬರು ಬಿದ್ದಿದ್ದವು.

“ಹೋಗಿ ಕೇಳ್ಲೇನಮ್ಮಾ?” ಎಂದೆ.

“ಬೇಡ್ವೋ. ತಂದು ಎಲ್ಲಿಡ್ತೀಯ, ಇಲ್ಲಿ ಜಾಗ ಎಲ್ಲಿದೆ? ಅಲ್ಲೇ ಇರ್ಲಿ. ನಮ್ದು ಅನ್ನೋದು ಮಾತ್ರ ಆಗಾಗ ಅವ್ರಿಗೆ ನೆನಪು ಮಾಡ್ತಿರು.”