ಹೊಕ್ಕೈಡೋ ಹಿಮಕ್ಕೆ ನಾಲ್ವರ ಲೆಕ್ಕ

ಬರುವ ಜನವರಿ ಕೊನೆಯ ವಾರ ನಾವು ನಾಲ್ವರು ಜಪಾನಿನ ಹೊಕ್ಕೈಡೋಗೆ ಹೋಗುವವರಿದ್ದೇವೆ. ಸ್ನೋಬೋರ್ಡ್ ಮಾಡಲಿಕ್ಕೆ. ಶಿರಸಿಯಲ್ಲಿ ಚಹಾ ಕುಡಿಯುತ್ತ ಇದನ್ನು ಹೇಳಿದಾಗ ಜೊತೆಗಿದ್ದ ಹಿರಿಯ ವರದಿಗಾರರೊಬ್ಬರು ಲೋಟ ಕೆಳಗಿಟ್ಟು, "ಕಾಲಂ ಸೆಂಟಿಮೀಟರಿಗೆ ಈಗ ಎಷ್ಟು ಕೊಡ್ತಿದಾರೋ ನಿಂಗೆ?" ಎಂದು ಕೇಳಿದರು. ಮನೆಯಲ್ಲಿ ಆಯಿ ಕೇಳಿದ್ದು ಬೇರೆ: "ಜಾರಿ ಬೀಳೂದಕ್ಕೆ ಅಷ್ಟು ದೂರ ಎಂತಕ್ಕೆ? ಮಳೆಗಾಲದಲ್ಲಿ ನಮ್ಮ ಅಂಗಳ ಸಾಲೂದಿಲ್ವಾ?"

ಎರಡೂ ನ್ಯಾಯವಾದ ಪ್ರಶ್ನೆಗಳೇ.

ನಾಲ್ವರೂ ಡಿಪ್ಲೊಮಾದಲ್ಲಿ ಒಂದೇ ಬ್ಯಾಚಿನವರು. ಹೆಸರು ಬೇಡ, ಆಗ ಕರೆಯುತ್ತಿದ್ದಂತೆ ಊರಿನ ಹೆಸರೇ ಸಾಕು. ಹೊನ್ನಾವರ ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದಾನೆ, ಪತ್ರಿಕೋದ್ಯಮ ಬಿಟ್ಟು ಸಾಫ್ಟ್‌ವೇರ್ ಸೇರಿ. ಹಾವೇರಿ ಬೆಂಗಳೂರಿನ ಕಂಪನಿಯೊಂದರಲ್ಲಿ ಪ್ರಚಾರದ ಕೆಲಸ ಮಾಡುತ್ತಾನೆ. ಗದಗ ಅದೇ ಊರಲ್ಲಿ ಎನ್‌ಜಿಒ ಒಂದಕ್ಕೆ ವರದಿ ಬರೆಯುತ್ತಾಳೆ. ನಾನೊಬ್ಬ ಮಾತ್ರ ಇನ್ನೂ ಸ್ಟ್ರಿಂಗರ್. ಜೊತೆಗೆ ಎರಡು ಎಕರೆ ಅಡಿಕೆ, ಸೀಸನ್ನಿನಲ್ಲಿ ಮದುವೆ ವಿಡಿಯೊ.

ಬೋರ್ಡು ಕಲಿತದ್ದು ಗುಲ್ಮಾರ್ಗ್‌ನಲ್ಲಿ. ಹಾವೇರಿ, ಗದಗ, ನಾನು ಎರಡು ಚಳಿಗಾಲ ಹೋಗಿದ್ದೆವು. ಹೊನ್ನಾವರ ಕ್ಯಾಲ್ಗರಿ ಪಕ್ಕದ ಬ್ಯಾನ್ಫ್ ಬೆಟ್ಟಗಳಲ್ಲಿ ಐದು ವರ್ಷದಿಂದ ಆಡುತ್ತಿದ್ದಾನೆ, ನಮಗಿಂತ ಎಷ್ಟೋ ಮುಂದಿದ್ದಾನೆ. ಗುಲ್ಮಾರ್ಗ್‌ನಲ್ಲೇ ನಮಗೆ ಪೌಡರ್ ಎಂಬ ಶಬ್ದ ಅಂಟಿಕೊಂಡಿತು. ಯಂತ್ರ ಹಾಯಿಸಿ ಗಟ್ಟಿ ಮಾಡದ, ರಾತ್ರಿ ಬಿದ್ದು ಹಾಗೇ ಉಳಿದ ಒಣ ಹಿಮ ಅದು. ಗಟ್ಟಿ ಹಿಮದ ಮೇಲೆ ಬೋರ್ಡಿನ ಅಂಚು ಕರಕರ ಎನ್ನುತ್ತದೆ. ಪೌಡರಿನಲ್ಲಿ ಸದ್ದೇ ಇಲ್ಲ. ಭಾರವನ್ನು ಹಿಂದಿನ ಕಾಲಿಗೆ ಸ್ವಲ್ಪ ಹಾಕಿ ಮೂತಿಯನ್ನು ಮೇಲೆ ತೇಲಿಸಿಕೊಂಡರೆ ದೋಣಿಯಲ್ಲಿ ನಿಂತಂತೆ. ಸಮತಟ್ಟು ಜಾಗದಲ್ಲಿ ವೇಗ ಕಳೆದುಕೊಂಡು ನಿಂತರೆ ಮಾತ್ರ ಕಥೆ ಮುಗಿಯಿತು. ಸ್ಕೀಯಿಂಗ್‌ನವರ ಕೈಯಲ್ಲಿ ಕೋಲಿರುತ್ತದೆ, ನಮಗಿಲ್ಲ. ಬೋರ್ಡು ಬಿಚ್ಚಿದರೆ ಸೊಂಟದವರೆಗೆ ಇಳಿಯುತ್ತೇವೆ.

ಹಾಗಿದ್ದರೆ ಮತ್ತೆ ಗುಲ್ಮಾರ್ಗ್‌ಗೇ ಹೋಗಬಹುದಲ್ಲ? ಖರ್ಚು ಎಷ್ಟೋ ಕಡಿಮೆ. ನಾನೂ ಅದನ್ನೇ ವಾದಿಸಿದ್ದೆ. ಆದರೆ 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವೇ ಇಲ್ಲದೆ ಒಣಗಿ ನಿಂತಿತ್ತು, ಆ ಫೋಟೊಗಳು ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂದವು. ಒಂದು ವರ್ಷ ಕೂಡಿಸಿದ ರಜೆ, ದುಡ್ಡು ಎರಡನ್ನೂ ಅದರ ಮೇಲೆ ಪಣಕ್ಕಿಡಲು ಉಳಿದವರು ತಯಾರಿರಲಿಲ್ಲ.

ಹೊಕ್ಕೈಡೋದ ಹಿಮದ ಗುಟ್ಟು ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಅರಬ್ಬಿ ಸಮುದ್ರದ ಮೇಲಿಂದ ತೇವ ಹೊತ್ತು ಬಂದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ತಣಿದು, ದೇವಿಮನೆ ಘಟ್ಟದಲ್ಲಿ ಹುಯ್ಯುತ್ತದಲ್ಲ, ಅದೇ ಕಥೆ. ಅಲ್ಲಿ ಗಾಳಿ ಸೈಬೀರಿಯಾದಿಂದ ಹೊರಡುತ್ತದೆ, ಕೊರೆಯುವ ಚಳಿಯದು, ಒಣದು. ದಾರಿಯಲ್ಲಿ ಅದಕ್ಕಿಂತ ಬೆಚ್ಚಗಿರುವ ಜಪಾನ್ ಸಮುದ್ರ ದಾಟುವಾಗ ನೀರು ಹೀರಿಕೊಳ್ಳುತ್ತದೆ. ಎದುರಿಗೆ ಹೊಕ್ಕೈಡೋದ ಬೆಟ್ಟ. ಮಳೆಯ ಬದಲು ಹಿಮ. ನಾನು ಮಳೆಗಾಲದಲ್ಲಿ ದಿನಾ ತಾಲೂಕುವಾರು ಮಿ.ಮೀ. ಲೆಕ್ಕ ಕಳಿಸುವವನು, ನಿಸೆಕೊ ಎಂಬ ಊರಿನ ಬೆಟ್ಟದಲ್ಲಿ ಒಂದು ಚಳಿಗಾಲಕ್ಕೆ ಸುಮಾರು 15 ಮೀಟರ್ ಹಿಮ ಬೀಳುತ್ತದೆಂದು ಓದಿದಾಗ ಸೊನ್ನೆ ಎಲ್ಲೋ ಹೆಚ್ಚಾಗಿದೆ ಎಂದೇ ಅಂದುಕೊಂಡೆ. ಇನ್ನೊಂದು ತಮಾಷೆಯೆಂದರೆ ಎತ್ತರ. ಗುಲ್ಮಾರ್ಗ್ ಗೊಂಡೋಲಾ ನಮ್ಮನ್ನು ಸುಮಾರು 3,950 ಮೀಟರ್‌ವರೆಗೆ ಒಯ್ಯುತ್ತದೆ. ನಿಸೆಕೊ ಅನ್ನುಪುರಿ ಶಿಖರ ಬರೀ 1,308 ಮೀಟರ್. ಎದುರಿನ ದೊಡ್ಡ ಜ್ವಾಲಾಮುಖಿ ಯೊತೆಯಿ 1,898, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಗಿಡ್ಡ.

ಯೋಜನೆಯೆಲ್ಲ ಒಂದು ಗೂಗಲ್ ಶೀಟಿನಲ್ಲಿದೆ. ಮೊದಲ ಕರಡನ್ನು ಹೊನ್ನಾವರ ಮಾಡಿದ್ದ: ನಿಸೆಕೊದ ಹಿರಾಫುವಿನಲ್ಲಿ ಲಿಫ್ಟಿಗೆ ಅಂಟಿಕೊಂಡ ಕೋಣೆ, ಏಳು ರಾತ್ರಿ. ದರ ನೋಡಿ ಶೀಟ್ ಮುಚ್ಚಿದೆ. ನಿಸೆಕೊ ಈಗ ಜಪಾನೀಯರಿಗೇ ದುಬಾರಿಯಾದ ಊರು. ಆಸ್ಟ್ರೇಲಿಯನ್ನರು ಬಂದರು, ಹಿಂದೆಯೇ ಹೂಡಿಕೆದಾರರು ಬಂದರು, ಜಮೀನಿನ ಬೆಲೆ ಹಾರಿತು. ಅಲ್ಲಿನ ಕುಚ್ಚಾನ್ ಪಟ್ಟಣದವರು 2019ರಲ್ಲಿ ವಸತಿ ಬಿಲ್ಲಿನ ಮೇಲೆ ಶೇ. 2ರಷ್ಟು ತೆರಿಗೆಯನ್ನೇ ಹಾಕಿದರು. (ಹೋಮ್‌ಸ್ಟೇಗಳ ಬಗ್ಗೆ ಬರೆಯುವ ನಮ್ಮವರು ಯಾರಾದರೂ ಕುಚ್ಚಾನ್ ಕಥೆ ಓದಬೇಕು.) ಕೊನೆಗೆ ಗದಗ ದಾರಿ ಹುಡುಕಿದಳು: ಬೆಂಗಳೂರಿನಿಂದ ಟೋಕಿಯೊ, ಅಲ್ಲಿಂದ ನ್ಯೂ ಚಿತೋಸೆ ವಿಮಾನ ನಿಲ್ದಾಣ, ಮೊದಲ ನಾಲ್ಕು ದಿನ ಸಪ್ಪೊರೊ ನಗರದ ಸಾದಾ ಹೋಟೆಲ್. ಅಲ್ಲಿಂದ ದಿನವೂ ಬಸ್ಸಿನಲ್ಲಿ ತೆಯಿನೆ, ಕೊಕುಸಾಯಿ ಬೆಟ್ಟಗಳಿಗೆ ಹೋಗಿ ಬರಬಹುದು. ತೆಯಿನೆಯಲ್ಲಿ 1972ರ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು. ಕೊನೆಯ ಮೂರು ದಿನ ಮಾತ್ರ ನಿಸೆಕೊ, ಅದೂ ಹಿರಾಫು ಬಿಟ್ಟು ಕುಚ್ಚಾನ್ ಪೇಟೆಯಲ್ಲಿ. ಚೀನಿ ಹೊಸ ವರ್ಷದ ವಾರವನ್ನು ತಪ್ಪಿಸಿದ್ದೇವೆ, ಆಗ ದರ ಇನ್ನೂ ಏರುತ್ತದೆ. ಗದಗ ಸಸ್ಯಾಹಾರಿ, ಅಲ್ಲಿನ ಸಾರಿನಲ್ಲೆಲ್ಲ ಮೀನಿನ ರಸ. ಅವಲಕ್ಕಿ, ಚಟ್ನಿಪುಡಿ ಶೀಟಿನ ಪ್ರತ್ಯೇಕ ಸಾಲಿನಲ್ಲಿವೆ.

ವೀಸಾ ಸಾಲಿನಲ್ಲಿ ಮೂವರದ್ದು ಬೇಗ ಹಸಿರಾಯಿತು. ಆಫೀಸಿನ ಪತ್ರ, ಸಂಬಳದ ಚೀಟಿ ಇಟ್ಟರು, ಆಯಿತು. ಸ್ಟ್ರಿಂಗರ್‌ಗೆ ನೇಮಕಾತಿ ಪತ್ರವೇ ಇರುವುದಿಲ್ಲ. ಹದಿಮೂರು ವರ್ಷದ ಬೈಲೈನ್ ಇದೆ, ಐಡಿ ಕಾರ್ಡ್ ಇದೆ, "ಇವರು ನಮ್ಮವರು" ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವವರಿಲ್ಲ. ಇದು ಈ ಬ್ಲಾಗ್ ಓದುವ ಅರ್ಧ ಜನರ ಪಾಡು, ಹೆಚ್ಚು ಹೇಳುವುದಿಲ್ಲ. ನಮ್ಮೂರ ಟ್ಯಾಕ್ಸ್ ಸಲಹೆಗಾರರು ಸರಳ ದಾರಿ ತೋರಿಸಿದರು: ಸ್ವಂತ ಉದ್ಯೋಗಿ ಎಂದೇ ಬರೆ, ರಿಟರ್ನ್ಸ್ ಲಗತ್ತಿಸು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಸೊಸೈಟಿಯ ಅಡಿಕೆ ಪಟ್ಟಿ ಇಡು. ಪುಣ್ಯಕ್ಕೆ ರಿಟರ್ನ್ಸ್ ಪ್ರತಿ ವರ್ಷ ಹಾಕಿದ್ದೆ. ಸ್ಟ್ರಿಂಗರ್ ಗೆಳೆಯರೇ, ಆದಾಯ ಮಿತಿಯೊಳಗಿದ್ದರೂ ರಿಟರ್ನ್ಸ್ ಹಾಕಿ.

ಜಗಳವಾದದ್ದು ಇದಾವುದಕ್ಕೂ ಅಲ್ಲ. 'ಗೈಡ್' ಎಂಬ ಸಾಲಿಗೆ.

ನಿಸೆಕೊದಲ್ಲಿ ಒಂದು ಪದ್ಧತಿಯಿದೆ. ಸ್ಕೀ ಪ್ರದೇಶದ ಸುತ್ತ ಹಗ್ಗ ಕಟ್ಟಿರುತ್ತಾರೆ, ನಡುವೆ ಕೆಲವು ಗೇಟುಗಳು. ಹೊರಗಿನ ಕಾಡು ಬೆಟ್ಟಕ್ಕೆ ಹೋಗುವುದಾದರೆ ಗೇಟಿನ ಮೂಲಕವೇ ಹೋಗಬೇಕು. ಗೇಟ್ ಮುಚ್ಚಿದ್ದರೆ ಹೋಗುವಂತಿಲ್ಲ. ಹಗ್ಗದಡಿ ನುಸುಳುವಂತಿಲ್ಲ. ಇವಕ್ಕೆ ನಿಸೆಕೊ ರೂಲ್ಸ್ ಎನ್ನುತ್ತಾರೆ. ಹಿಂದೆ ಹಗ್ಗ ನುಸುಳಿ ಹೋದವರು ಹಿಮಕುಸಿತಕ್ಕೆ ಸಿಕ್ಕಿ ಸತ್ತ ಮೇಲೆ ಸ್ಥಳೀಯರೇ ಕೂತು ಮಾಡಿಕೊಂಡ ನಿಯಮ ಇದು. ಅದಕ್ಕೆ ದುಡಿದವರಲ್ಲಿ ಮುಖ್ಯರು ಶಿನ್ಯಾ ಅಕಿಯೊ ಎಂಬ ಲಾಡ್ಜ್ ಮಾಲೀಕರು. ಚಳಿಗಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆ ಅಲ್ಲಿನ ಹಿಮಕುಸಿತದ ಮಾಹಿತಿ ಪ್ರಕಟವಾಗುತ್ತದೆ. ರಾತ್ರಿ ಗಾಳಿ ಯಾವ ಕಡೆಯಿಂದ ಬೀಸಿತು, ಎಲ್ಲಿ ಹಿಮ ಗುಡ್ಡೆಯಾಗಿದೆ, ಇವತ್ತು ಯಾವುದು ಸಡಿಲ. ಒಂದು ಊರಿನ ಬಗ್ಗೆ ದಿನಾ ತಪ್ಪದೆ ಬರೆಯುವ ಆ ಕೆಲಸ ನನಗೆ ನಮ್ಮ ಕೆಲಸದ ಅಣ್ಣನಂತೆ ಕಾಣುತ್ತದೆ.

ಹೊನ್ನಾವರನ ವಾದ ಇಷ್ಟೇ: "ಗೈಡ್ ಎಂತಕ್ಕೆ ಮಾರಾಯ, ನಾನಿದ್ದೇನಲ್ಲ. ಆ ದುಡ್ಡು ಉಳಿಸಿದರೆ ಇನ್ನೆರಡು ದಿನ ಇರಬಹುದು. ನಿನ್ನ ಪಾಲು ನಾನು ಕೊಡ್ತೇನೆ, ಅದರ ಚಿಂತೆ ಬಿಡು."

ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಕೊನೆಯ ಮಾತೇ ನನ್ನನ್ನು ಕಾಡಿದ್ದು.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ವಾರಗಟ್ಟಲೆ ಅಲ್ಲಿ ನಿಂತು ವರದಿ ಕಳಿಸಿದವರಲ್ಲಿ ನಾನೂ ಒಬ್ಬ. ಗಂಗಾವಳಿಯ ತಳದಿಂದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಎಪ್ಪತ್ತೊಂದು ದಿನ. ದಡದಲ್ಲಿ ಕಾಯುತ್ತ ಕೂತಿದ್ದವರ ಮುಖ ನೋಡಿದವನಿಗೆ ಇಳಿಜಾರು ಎಂಬುದು ಬರೀ ಆಟದ ಜಾಗವಾಗಿ ಕಾಣುವುದಿಲ್ಲ. ಹಿಮದಲ್ಲಿ ಲೆಕ್ಕ ಇನ್ನೂ ಸಣ್ಣದು: ಹುಗಿದುಹೋದವರನ್ನು ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ಕಡಿದಾಗಿ ಇಳಿಯುತ್ತದೆ. ಹೊರಗಿನಿಂದ ರಕ್ಷಣಾ ತಂಡ ಬರುವಷ್ಟು ಹೊತ್ತಿಲ್ಲ. ಜೊತೆಗಿದ್ದವರೇ ತೆಗೆಯಬೇಕು. ಗುಡ್ಡ ಕುಸಿಯಬೇಕೆಂದೂ ಇಲ್ಲ. ಅಲ್ಲಿ ಮರಗಳ ಬುಡದ ಸುತ್ತ ಹಿಮ ಗಟ್ಟಿಯಾಗದೆ ಪೊಳ್ಳು ಗುಂಡಿ ಉಳಿದಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವನು ಒಬ್ಬನೇ ಹೊರಬರುವುದು ಬಹಳ ಕಷ್ಟ.

ಇಯಾನ್ ಮೆಕ್‌ಕಾಮನ್ ಎಂಬ ಅಮೆರಿಕದ ಸಂಶೋಧಕರು ತಮ್ಮ ದೇಶದ 715 ಹಿಮಕುಸಿತ ಅವಘಡಗಳನ್ನು ಕೂತು ಓದಿ 2004ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಅಪಾಯದ ಲಕ್ಷಣ ಕಣ್ಣೆದುರು ಇದ್ದರೂ ತಿಳಿದವರು ಯಾಕೆ ಮುಂದೆ ಹೋದರು ಎಂಬುದು ಅವರ ಪ್ರಶ್ನೆ. ಪರಿಚಿತ ಜಾಗ ಎಂಬ ಧೈರ್ಯ, ಗುಂಪಿನಲ್ಲಿ ಒಬ್ಬನಿಗೆ ಗೊತ್ತಿದೆ ಎಂಬ ನಂಬಿಕೆ, ಇಷ್ಟು ದೂರ ಬಂದಾಯಿತಲ್ಲ ಎಂಬ ಹಟ, ಉಳಿದವರ ಕಣ್ಣಿಗೆ ಸಣ್ಣವರಾಗಬಾರದೆಂಬ ಆಸೆ. ಓದುವಾಗ ನಮ್ಮ ಶೀಟನ್ನೇ ಓದಿದಂತಾಯಿತು. ನಾವಿನ್ನೂ ಮನೆ ಬಿಟ್ಟಿರಲಿಲ್ಲ, ಆ ಪಟ್ಟಿಯ ಮುಕ್ಕಾಲು ಆಗಲೇ ನಮ್ಮಲ್ಲಿ ತುಂಬಿತ್ತು.

ಒಂದು ರಾತ್ರಿ ವಿಡಿಯೊ ಕಾಲಿನಲ್ಲಿ ಹೇಳಿದೆ. ಕೋಣೆ ಬಾಡಿಗೆ ನೀನು ಹೆಚ್ಚು ಕೊಡುತ್ತೀಯಾ, ಕೊಡು, ನನಗೆ ಬಿಗುಮಾನ ಇಲ್ಲ. ಗೈಡಿನ ಪಾಲು, ವಿಮೆ, ಬೀಕನ್ ಬಾಡಿಗೆ ಮಾತ್ರ ನಾನೇ ಕೊಡುತ್ತೇನೆ. ಬೇರೆಯವರ ದುಡ್ಡಿನಲ್ಲಿ ಗೇಟಿನವರೆಗೆ ಬಂದವನ ಬಾಯಿಂದ "ಇವತ್ತು ಬೇಡ, ತಿರುಗಿ ಹೋಗೋಣ" ಎಂಬ ಮಾತು ಹೊರಡುವುದಿಲ್ಲ. ಆ ಮಾತು ನನ್ನ ಬಾಯಲ್ಲಿ ಉಳಿಯಬೇಕು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನೊಂದುಕೊಂಡ ಎಂದು ಗೊತ್ತಾಯಿತು. ಎರಡು ದಿನ ಗ್ರೂಪಿನಲ್ಲಿ ಮೆಸೇಜೇ ಇಲ್ಲ. ಮೂರನೆಯ ದಿನ ಶೀಟಿನಲ್ಲಿ 'ಗೈಡ್' ಸಾಲು ವಾಪಸು ಬಂದಿತ್ತು, ನಾಲ್ಕು ಸಮ ಪಾಲು. ಕೆಳಗೆ ಗದಗ ಸೇರಿಸಿದ್ದಳು: ನಾಲ್ವರಲ್ಲಿ ಯಾರೊಬ್ಬರು ಬೇಡ ಎಂದರೂ ಬೇಡ, ಕಾರಣ ಕೇಳುವಂತಿಲ್ಲ. ಗೇಟ್ ಮುಚ್ಚಿದ ದಿನಕ್ಕೆ ಒತಾರು ಎಂಬ ಬಂದರು ಪಟ್ಟಣ ನೋಡುವುದು ಎಂದು ಹಾವೇರಿ ಮೊದಲೇ ಬರೆದಿಟ್ಟಿದ್ದಾನೆ. ಮಾಡಲು ಬೇರೆ ಕೆಲಸವಿದ್ದರೆ ಹಟ ಕಡಿಮೆ ಎಂಬುದು ಅವನ ಸಿದ್ಧಾಂತ. ವಿಮೆಯ ಕಾಗದವನ್ನು ನಾನು ಓದಿದೆ. ಸಾಮಾನ್ಯ ಪ್ರವಾಸ ವಿಮೆಯ 'ಅನ್ವಯಿಸುವುದಿಲ್ಲ' ಪಟ್ಟಿಯಲ್ಲಿ ಚಳಿಗಾಲದ ಕ್ರೀಡೆ ಇತ್ತು, ಹಗ್ಗದ ಹೊರಗಿನದ್ದಂತೂ ಇದ್ದೇ ಇತ್ತು. ಹೆಚ್ಚು ದುಡ್ಡು ಕಟ್ಟಿ ಬೇರೆಯದನ್ನೇ ತೆಗೆದುಕೊಂಡೆವು.

ದೀಪಾವಳಿಗೆ ಊರಿಗೆ ಬಂದ ಹೊನ್ನಾವರ ಎರಡು ಬೀಕನ್ ತಂದಿದ್ದ. ಎದೆಗೆ ಕಟ್ಟಿಕೊಳ್ಳುವ ಪುಟ್ಟ ರೇಡಿಯೊ ಅದು. ಯಾವ ಕಂಪನಿಯದಾದರೂ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡುವುದರಿಂದ ಒಂದು ಇನ್ನೊಂದನ್ನು ಹುಡುಕುತ್ತದೆ. ನಾಲ್ವರೂ ನಮ್ಮ ತೋಟದಲ್ಲಿ ಸೇರಿದೆವು. ಒಬ್ಬರು ಒಂದನ್ನು ಸೊಪ್ಪಿನ ರಾಶಿಯಡಿ ಹುಗಿದು ಬರುವುದು, ಇನ್ನೊಬ್ಬರು ಹುಡುಕುವುದು. ಬಾಣದ ಗುರುತು ತೋರಿಸಿದತ್ತ ಓಡು, ಅಂಕಿ ಇಳಿಯುತ್ತ ಬಂದಂತೆ ನಿಧಾನಿಸು, ಕೊನೆಗೆ ನೆಲದ ಹತ್ತಿರ ಹಿಡಿದು ಅಡ್ಡ-ಉದ್ದ ಆಡಿಸು. ಮೊದಲ ಸಲ ನನಗೆ ಹನ್ನೊಂದು ನಿಮಿಷ ಹಿಡಿಯಿತು, ಅಗೆಯುವ ಹೊತ್ತು ಬಿಟ್ಟು. ಸಂಜೆಯ ಹೊತ್ತಿಗೆ ನಾಲ್ಕಕ್ಕೆ ಬಂದೆ. ಎಲ್ಲರಿಗಿಂತ ಬೇಗ ಹುಡುಕಿದ್ದು ಗದಗ. ಆಯಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದವಳು, "ಗೊಬ್ಬರ ಹರಡೂದಾದ್ರೂ ಆತು" ಎಂದಳು.

ಮೊಬೈಲ್ ಹತ್ತಿರವಿದ್ದರೆ ಬೀಕನ್ ತಪ್ಪು ತೋರಿಸುತ್ತದೆ ಎಂದು ಹೊನ್ನಾವರ ಎಲ್ಲರದನ್ನೂ ಆಫ್ ಮಾಡಿಸಿದ್ದ. ಮತ್ತೆ ಆನ್ ಮಾಡಿದಾಗ ಡೆಸ್ಕಿನಿಂದ ಮೂರು ಮಿಸ್ಡ್ ಕಾಲ್ ಇದ್ದವು. ರಾಶಿ ಅಡಿಕೆಯ ಅವತ್ತಿನ ದರ ಬೇಕಿತ್ತಂತೆ.